ಉಳಿಸಿ, ಆದಷ್ಟೂ ಉಳಿಸಿ

ತುರ್ತು ಎಂಬ ಪದದ ಬೆಲೆ ಈ ಲೋಕಕ್ಕೆ ಗೊತ್ತಿಲ್ಲ ಎಂಬುದು ಬೆಂಕಿರಾಯರ ಬಹುದಿನದ ಕೊರಗು. ಹೆಸರು ಕೇಳಿ ಹೆದರಬೇಡಿ. ಮನುಷ್ಯ ಸ್ವಭಾವತಃ ತಣ್ಣೀರು. ಕಚೇರಿಯಿಂದ ಕಚೇರಿಗೆ ಅಲೆದು, ಗೋಡೆಗೆ ನೇತುಹಾಕಿದ ಬೆಂಕಿ ಆರಿಸುವ ಕೆಂಪು ಸಿಲಿಂಡರುಗಳನ್ನು ತಪಾಸಣೆ ಮಾಡಿ ಚೀಟಿ ಅಂಟಿಸಿ ಬರುವುದು ಅವರ ಉದ್ಯೋಗ. (ಆ ಸಿಲಿಂಡರುಗಳಿಗೆ ಜನ ಒದ್ದೆ ಕೊಡೆ ನೇತುಹಾಕುತ್ತಾರೆ. ಕೊರಗು ಶುರುವಾದದ್ದೇ ಅಲ್ಲಿಂದ.)

ಅಂಥದೊಂದು ಕಚೇರಿಯಲ್ಲಿ ಯಾರೋ ಹಣಕಾಸಿನ ಭಾಷಣ ಬಿಗಿಯುತ್ತಿದ್ದರು. ಚಹಾದ ಆಸೆಗೆ ಹಿಂದಿನ ಸಾಲಿನಲ್ಲಿ ಕೂತ ರಾಯರ ಕಿವಿಗೆ ‘ತುರ್ತು ನಿಧಿ’ ಎಂಬ ಮಾತು ಬಿತ್ತು. ಅಷ್ಟೇ, ಜ್ಞಾನೋದಯ! ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಘೋಷಣೆ ಹೊರಡಿಸಿದರು: ಒಂದಿಷ್ಟು ಹಣ ಬೇರೆ ಖಾತೆಯಲ್ಲಿ ಕೂರಬೇಕು, ನಿಜವಾದ ತುರ್ತು ಬಂದರಷ್ಟೇ ಅದು ಏಳಬೇಕು.

ಕೂತಿತು. ಅದು ಕೂರುವುದಕ್ಕಾಗಿ ಮನೆಯವರೆಲ್ಲ ಎದ್ದು ನಡೆಯಬೇಕಾಯಿತು, ಬಸ್ಸು ಬಿಟ್ಟು. ಫ್ಯಾನು ಒಂದನೇ ನಂಬರಿನಲ್ಲಿ, ತಿರುಗಲೋ ಬೇಡವೋ ಎಂದು ಯೋಚಿಸುತ್ತಾ ತಿರುಗಿತು. ಸೋಪು, ಆಚೆ ಬದಿ ಕಾಣುವಷ್ಟು ತೆಳ್ಳಗಾದ ಮೇಲೂ ಬಾಳಿತು. ಎರಡು ವರ್ಷ ಹೀಗೆ ದಣಿದ ಮೇಲೆ ನಿಧಿ ತುಂಬಿತು. ರಾಯರು ಹಿಂದೆ ಹಣ ಹಾಕಿದ್ದೆಲ್ಲ ಮುಳುಗಿತ್ತು. ಮೊದಲ ಸಲ ತಮ್ಮದೊಂದು ಯೋಜನೆ ತೇಲುತ್ತಿರುವುದನ್ನು ಅವರು ದಿನಕ್ಕೊಮ್ಮೆ ಮೊಬೈಲಿನಲ್ಲಿ ನೋಡಿ, ಮೆಲ್ಲಗೆ ಮುಚ್ಚಿಡುತ್ತಿದ್ದರು.

ಆಗ ಬಟ್ಟೆ ಒಗೆಯುವ ಮಷೀನು ಕೈಕೊಟ್ಟಿತು.

“ರೀ, ಮಷೀನು ಹೋಯ್ತು.”

“ಎಲ್ಲಿಗೆ?”

“ನಿಮ್ಮ ಹಾಸ್ಯ ತಡೀಲಾರದೆ ಮೇಲಕ್ಕೆ! ರಿಪೇರಿಯವನು ಕೈ ಮುಗಿದು ಹೋದ. ಹೊಸದೇ ತಗೋಬೇಕು. ನನ್ನ ಮಣಿಕಟ್ಟು ನೋಡಿ, ಹಿಂಡಿ ಹಿಂಡಿ ಹೇಗೆ ಊದಿದೆ.”

“ಅಯ್ಯೋ ಪಾಪ. ಆದರೆ ಇದು ತುರ್ತಲ್ಲ ಕಣೇ.”

“ಮತ್ತೆ ಯಾವುದ್ರೀ ತುರ್ತು?”

“ಹೊಗೆ ಬರಬೇಕು. ನಮ್ಮ ಲೈನಲ್ಲಿ ಹೊಗೆ ಬಂದರೇನೇ ತುರ್ತು.”

“ನನ್ನ ತಲೆಯಿಂದ ಬರ್ತಾ ಇದೆಯಲ್ಲ, ಕಾಣ್ತಾ ಇಲ್ವಾ?”

“ಅಪ್ಪಾ,” ಎಂದಳು ಪುಸ್ತಕದಿಂದ ತಲೆಯೆತ್ತದ ಮಗಳು, “ನೀನು ಆ ತುರ್ತು ನಿರ್ಗಮನ ಎಲ್ಲಿದೆ ಅಂತ ನೋಡ್ಕೊಂಡಿರೋದು ಒಳ್ಳೇದು.”

ರಾಯರಿಗೆ ಕನಿಕರವಿರಲಿಲ್ಲ ಎಂದಲ್ಲ. ಸ್ವಹಸ್ತದಿಂದ ಮಡದಿಯ ಮಣಿಕಟ್ಟಿಗೆ ಮುಲಾಮು ಹಚ್ಚಿದರು (ಟ್ಯೂಬನ್ನು ಸೀಳಿ, ಒಳಗೆ ಅಂಟಿದ್ದನ್ನೂ ಕೆರೆದು). ಆದರೆ ನಿಧಿ ಮಿಸುಕಲಿಲ್ಲ.

ಮುಂದಿನ ವಾರ ರಾಯರ ದವಡೆ ಹಲ್ಲು ಎದ್ದು ಕೂತಿತು. ಕೆನ್ನೆ ಊದಿ, ಒಂದು ಕಣ್ಣು ಮುಚ್ಚಿಹೋಯಿತು.

“ಹೊಗೆ ಬರ್ತಾ ಇದೆಯಾ?” ಎಂದು ಹೆಂಡತಿ ಬಗ್ಗಿ ನೋಡಿದರು. ಮರುಗಳಿಗೆ ಕರಗಿದರು. “ಸಾಕು ನಿಮ್ಮ ಹಟ. ಆ ದುಡ್ಡು ತೆಗೀರಿ. ಈ ಮುಖ ನೋಡೋಕಾಗಲ್ಲ.”

“ನಿನ್ನ ಕೈಗೆ ತೆಗೀದೇ ಇರೋದನ್ನ ನನ್ನ ಹಲ್ಲಿಗೆ ತೆಗೆಯೋದಾ? ಕೀಳಿಸಿ ಬಿಸಾಕ್ತೀನಿ. ಜೇಬಲ್ಲಿರೋದು ಸಾಕು.”

ಬಹುಕಾಲದ ನಂತರ ಗಂಡನ ಬಾಯಿಂದ ಹೊರಟ ಈ ಧೀರೋದಾತ್ತ ನುಡಿಗೆ ಹೆಂಡತಿಯ ಕಣ್ಣೂ ಒದ್ದೆಯಾಯಿತು. ಇಬ್ಬರೂ ಹಲ್ಲಿನ ಡಾಕ್ಟರಮ್ಮನ ಬಳಿಗೆ ನಡೆದೇ ಹೋದರು.

ಹೆಂಡತಿ ಹೊರಗೆ ಬೆಂಚಿನ ಮೇಲೆ ಕೂತರು. ರಾಯರು ಒಳಗೆ ಕುರ್ಚಿಯ ಮೇಲೆ ಮಲಗುತ್ತಲೇ, “ಡಾಕ್ಟ್ರೇ, ಸ್ವಲ್ಪ ನೋಡಿ ಮಾಡಿ, ಸಂಬಳದವನು” ಎಂದು ಪೀಠಿಕೆ ಹಾಕಿದರು. ಕೀಳಿ ಎನ್ನುವಷ್ಟರಲ್ಲಿ ಬಾಯೊಳಗೆ ಕನ್ನಡಿ ಹೊಕ್ಕಿತು, ಸೂಜಿ ಹೊಕ್ಕಿತು, ಹಿಂದೆಯೇ ಹತ್ತಿಯೂ ಹೊಕ್ಕಿತು. ನಾಲಿಗೆ ಯಾರದೋ ಪರರ ಸ್ವತ್ತಿನಂತೆ ಮರಗಟ್ಟಿ ಬಿದ್ದಿತು.

ಡಾಕ್ಟರಮ್ಮ ದೀಪ ಹತ್ತಿರಕ್ಕೆಳೆದು ಬಹಳ ಹೊತ್ತು ನೋಡಿದರು. “ಉಳಿಸೋಣ್ವಾ ಸಾರ್?”

ಎಂಥಾ ದೊಡ್ಡ ಮನಸ್ಸು! ಹೇಳಿದ ಒಂದೇ ಮಾತಿಗೆ ಫೀಜಿನಲ್ಲಿ ಬಿಡಲು ಹೊರಟಿದ್ದಾಳಲ್ಲ ಈ ತಾಯಿ! ರಾಯರು ಜೋರಾಗಿ ತಲೆಯಾಡಿಸಿದರು.

“ಸ್ವಲ್ಪವೇನಾ, ಆದಷ್ಟೂ ಉಳಿಸಲಾ?”

“ಆಅಷ್ಟೂ! ಆಅಷ್ಟೂ!” ಎಂದರು ಹತ್ತಿಯ ನಡುವಿನಿಂದ, ಕೈ ಬೇರೆ ಜೋಡಿಸಿ. ಡಾಕ್ಟರಮ್ಮ ಸಂತೋಷದಿಂದ ಯಂತ್ರ ಚಾಲೂ ಮಾಡಿದರು. ಅದರ ಗುಯ್ಯೆಂಬ ಸದ್ದಿನಲ್ಲಿ ರಾಯರು ಉಳಿಯುವ ಹಣವನ್ನು ನಿಧಿಗೇ ಸೇರಿಸುವ ಕನಸು ಕಾಣುತ್ತಾ ಮಲಗಿದರು.

ಮುಗಿದ ಮೇಲೆ ಡಾಕ್ಟರಮ್ಮ ಹೊರಗೆ ಬಂದು ಹೆಂಡತಿಯ ಕೈ ಕುಲುಕಿದರು. “ಎಲ್ಲರೂ ಕೀಳಿ ಕೀಳಿ ಅಂತಾರಮ್ಮ. ನಿಮ್ಮೆಜಮಾನ್ರು ನೋಡಿ, ಉಳಿಸಲೇಬೇಕು ಅಂತ ಕೈ ಮುಗಿದುಬಿಟ್ಟರು! ನಾಲ್ಕು ಹಲ್ಲು ಹಾಳಾಗಿದ್ವು, ನಾಲ್ಕನ್ನೂ ಉಳಿಸ್ತೀನಿ. ಬೇರು ಶುಚಿ ಮಾಡೋಕೆ ಶುರು ಮಾಡಿದ್ದೀನಿ. ಇನ್ನೂ ಮೂರು ಸಲ ಬರಬೇಕು. ಕೊನೆಗೆ ಎಲ್ಲದಕ್ಕೂ ಟೋಪಿ ಹಾಕ್ತೀನಿ.”

ಹೆಂಡತಿ ಬಿಲ್ಲು ನೋಡಿದರು. “ಅದು ಆಗಲೇ ಬಿತ್ತು ಬಿಡಿ ಡಾಕ್ಟ್ರೇ.”

ಹಿಂದೆಯೇ ಹೊರಬಂದ ರಾಯರು ಏನೋ ಹೇಳಲು ಹೋದರು. “ಉಅಇಸಿ ಅಂಅರೆ ಉಡ್ಡು!” ಎಂದು ಕೂಗಿದರು. ಡಾಕ್ಟರಮ್ಮ, “ಪರವಾಗಿಲ್ಲ ಸಾರ್, ನನ್ನ ಕರ್ತವ್ಯ” ಎಂದರು. ಹೆಂಡತಿ ಗಂಡನ ಜೇಬಿನಿಂದ ಮೊಬೈಲು ಎತ್ತಿ, ಅವರದೇ ಹೆಬ್ಬೆಟ್ಟು ಹಿಡಿದು ಒತ್ತಿಸಿದರು. ಟಿಣ್ ಎಂದಿತು. ಎರಡು ವರ್ಷದಿಂದ ಕೂತಿದ್ದ ನಿಧಿ ಎದ್ದು ಹೋಯಿತು.

ದಾರಿಯುದ್ದಕ್ಕೂ ಹೆಂಡತಿ ನಾಲ್ಕು ಹೆಜ್ಜೆ ಮುಂದೆಯೇ ನಡೆದರು. ಮನೆಗೆ ಬಂದವರೇ ಹೊದಿಕೆ, ಹಾಸಿಗೆ ಬಟ್ಟೆಗಳ ರಾಶಿಯನ್ನು ಬಚ್ಚಲಿಗೆ ತಂದು ರಾಯರ ಮುಂದೆ ಸುರಿದರು.

“ಡಾಕ್ಟ್ರನ್ನ ಕೇಳಿದೆ. ವಿಶ್ರಾಂತಿ ಹಲ್ಲಿಗೆ ಮಾತ್ರ ಬೇಕಂತೆ. ಕೈಗೆ ಬೇಡವಂತೆ.”

ರಾಯರು ವಿವರಣೆ ಕೊಡಲು ಬಾಯಿ ತೆರೆದರು.

“ಮುಚ್ಚಿ, ಮುಚ್ಚಿ!” ಹೆಂಡತಿ ಗಾಬರಿಯಿಂದ ಬೀದಿ ಬಾಗಿಲ ಕಡೆ ನೋಡಿದರು. “ಮನೆ ಉಳಿತಾಯವೆಲ್ಲ ಅಲ್ಲೇ ಇದೆ. ಯಾರಾದರೂ ನೋಡಿಬಿಟ್ಟಾರು.”