ಮೂರು ಅಂತಸ್ತಿನ ಕೇಕಿಗೆ ಸಿಂಗಲ್ ಬೆಲ್

"ಡಬಲ್ ಡೆಕ್ಕರ್ ಬಸ್ಸು ಓಡಿಸಿದ ಕೈ ಐತಿದು! ಮ್ಯಾಲಿನ ಮಾಳಿಗ್ಯಾಗ ಕುಂತಾಂವ ಚಾ ಕುಡಿದ್ರ ಒಂದ ಹನಿ ಅಂಗಿ ಮ್ಯಾಲ ಚೆಲ್ಲಿದ್ದಿಲ್ಲ. ನಿನ್ನ ಕೇಕೇನ್ ದೊಡ್ಡ ಮಾತು?"

ಮುಂಬಯಿಯ ಕುರ್ಲಾದ ಚಾಳಿನ ಗ್ಯಾಲರಿಯಲ್ಲಿ ನಿಂತು ಅಣವೀರಪ್ಪ ಹೀಗೆ ಘೋಷಿಸಿದಾಗ ಕೆಳಗೆ ನಲ್ಲಿಗೆ ಪಾಳಿ ಹಚ್ಚಿದ್ದ ಹೆಂಗಸರೆಲ್ಲ ತಲೆ ಎತ್ತಿ ನೋಡಿದರು. ಅವರಿಗೆ ಕೇಳಲಿ ಎಂದೇ ಅವನು ಅಷ್ಟು ಜೋರಾಗಿ ಹೇಳಿದ್ದು. ಸಿಟಿ ಬಸ್ಸಿನ ಡ್ರೈವರಿಕೆಯಿಂದ ನಿವೃತ್ತನಾದ ಮೇಲೆ ಓಡಿಸಲು ಅವನಿಗೆ ಬಾಯಿಯೊಂದೇ ಉಳಿದಿತ್ತು. ಅದಕ್ಕೆ ಡೀಸೆಲ್ಲೂ ಬೇಡ, ಬ್ರೇಕೂ ಇಲ್ಲ!

ಸಂಗತಿ ಇಷ್ಟೇ. ಸೊಸೆ ಶಿವಕುಮಾರಿ ಫೋನು ನೋಡಿ ನೋಡಿ ಕೇಕು ಮಾಡುವುದನ್ನು ಕಲಿತಿದ್ದಳು. ಚಾಳಿನ ಮಕ್ಕಳ ಹುಟ್ಟುಹಬ್ಬಗಳಿಂದ ಶುರುವಾದ ವ್ಯವಹಾರ ಈಗ ಬೊರಿವಲಿಯ ಒಂದು ಸಭಾಗೃಹದವರೆಗೆ ಬೆಳೆದಿತ್ತು. ಅಲ್ಲಿ ಲಾವಣ್ಯಾ ಮತ್ತು ಹಿತೇಶ್ ಎಂಬ ಜೋಡಿಯ ನಿಶ್ಚಿತಾರ್ಥ. ಮೂರು ಅಂತಸ್ತಿನ ಕೇಕು. ಸಭಾಗೃಹದ ಮ್ಯಾನೇಜರ್ ದೂಜಣ್ಣ ಉಡುಪಿ ಕಡೆಯವನು, ಮಾತು ಕಡ್ಡಿ ತುಂಡು ಮಾಡಿದ ಹಾಗೆ. "ಇದೊಂದು ಸರಿ ಆಗ್ಲಿ ಮಾರಾಯ್ತಿ. ಆಮೇಲೆ ನಮ್ಮಲ್ಲಿ ಆಗುವ ಫಂಕ್ಷನ್ನಿಗೆಲ್ಲ ಕೇಕ್ ನಿಮ್ಮದೇ. ಸರಿ ಆಗದಿದ್ರೆ ನಿಮ್ಮ ನಂಬರ್ ಡಿಲೀಟ್" ಎಂದಿದ್ದ. ಸೊಸೆ ಎರಡು ದಿನ ನಿದ್ದೆ ಮಾಡಿರಲಿಲ್ಲ.

"ಬ್ಯಾಡ್ರಿ ಮಾವಾರ, ನಾ ಎಸಿ ಗಾಡಿ ಬುಕ್ ಮಾಡೀನಿ."

"ಎಸಿ ಗಾಡಿ ಓಡ್ಸೋರು ಯಾರು? ನಿನ್ನೆ ಮೊನ್ನೆ ಸ್ಟಿಯರಿಂಗ್ ಹಿಡದ ಪೋರಗೋಳು! ಫೋನು ಬಲಕ್ಕ ಹೊಳ್ಳು ಅಂದ್ರ ನಾಲಾದಾಗ ಹೊಳ್ಳತಾರ."

ಒಳಗಿನಿಂದ ಹೆಂಡತಿ ಲಕ್ಷ್ಮವ್ವ ಕೂಗಿದಳು: "ನೀವು ಯಾರೂ ಹೇಳಲಾರ್ದ ಹೊಳ್ಳತೀರಿ!"

ಆದರೆ ಅಣವೀರಪ್ಪ ಅಷ್ಟರಲ್ಲೇ ಪಕ್ಕದ ಖೋಲಿಯ ಅನಿಲಕುಮಾರನ ಹಳದಿ ಶಾಲಾ ವ್ಯಾನಿನ ಕೀಲಿ ಇಸಿದುಕೊಂಡು, ಎಸಿ ಗಾಡಿಯವನಿಗೆ ತಾನೇ ಫೋನು ಮಾಡಿ, ಬೇಡ ಎಂದು ಹೇಳಿಯೂ ಬಿಟ್ಟಿದ್ದ. ಸೊಸೆ ಹಣೆ ಹಣೆ ಬಡಿದುಕೊಂಡಳು. ಟೇಬಲ್ ಸಿಂಗರಿಸಲು ಅವಳು ಮುಂಚೆ ಹೋಗಲೇಬೇಕಿತ್ತು. ಲೋಕಲ್ ರೈಲು ಹಿಡಿಯುವ ಮೊದಲು ಅತ್ತೆಯ ಎರಡೂ ಕೈ ಹಿಡಿದುಕೊಂಡು, "ಅತ್ಯಾರ, ಕೆಳಗಿನ ಎರಡು ಅಂತಸ್ತು ಕಡ್ಡಿ ಹಾಕಿ ಜೋಡಿಸೀನಿ, ಅದು ನೆಲದ ಮ್ಯಾಲ ಇರ್ಲಿ. ಮ್ಯಾಲಿನ ಅಂತಸ್ತು, ಮದುಮಗ-ಮದುಮಗಳ ಸಕ್ರಿ ಗೊಂಬಿ ಇದ್ದದ್ದು, ಈ ಸಣ್ಣ ಡಬ್ಬ್ಯಾಗ ಐತಿ. ನೀವು ಕೇಕ್ ಬಿಟ್ಟು ಅಳ್ಳಾಡಬ್ಯಾಡ್ರಿ" ಎಂದು ಹೇಳಿದ್ದನ್ನೇ ಮತ್ತೆ ಮತ್ತೆ ಹೇಳಿದಳು. ಮಾವನಿಗೆ ಏನೂ ಹೇಳಲಿಲ್ಲ. ಹೇಳಿ ಉಪಯೋಗವಿಲ್ಲವೆಂದು ಆ ಮನೆಗೆ ಬಂದ ವಾರದಲ್ಲೇ ಅವಳಿಗೆ ಗೊತ್ತಾಗಿತ್ತು.

ಹಿಂದಿನ ಸೀಟು ಬಿಚ್ಚಿದ ವ್ಯಾನಿನ ನೆಲದ ಮೇಲೆ ದೊಡ್ಡ ಡಬ್ಬಿ ಕೂತಿತು. ಕ್ರೀಮಿನ ಹೂವು ಜಜ್ಜಬಾರದೆಂದು ಅದರ ಒಂದು ಮಗ್ಗುಲು ತೆರೆದೇ ಇತ್ತು. ಸಣ್ಣ ಡಬ್ಬಿ ನಡುವಿನ ಸೀಟಿನ ಮೇಲೆ. ಲಕ್ಷ್ಮವ್ವ ಆ ಸೀಟಿಗೆ ಬೆನ್ನು ಮಾಡಿ, ದೊಡ್ಡ ಡಬ್ಬಿಯನ್ನು ಬಾಣಂತಿ ಕೂಸನ್ನು ಅವಚಿಕೊಂಡಂತೆ ಅವಚಿಕೊಂಡು ಕೂತಳು.

"ಇವತ್ತ ನೀನ ನನ್ನ ಕಂಡಕ್ಟರ್" ಎಂದ ಅಣವೀರಪ್ಪ, ಖಾಕಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತ. "ಕೇಕು ಅಳ್ಳಾಡಿದ್ರ ತಗಡಿಗೆ ಒಮ್ಮೆ ಬಡಿ, ಅದು ಸಿಂಗಲ್ ಬೆಲ್, ನಿಲ್ಲಸ್ತೀನಿ. ಸರಿ ಆತಂದ್ರ ಎರಡ ಸಲ ಬಡಿ, ಡಬಲ್ ಬೆಲ್, ಬಿಡ್ತೀನಿ."

"ಬಾಯಿ ಸತ್ತೈತೇನು ನಂದು? ನಿಲ್ಲಸ್ರೀ ಅಂತ ಒದರ್ತೀನಿ."

"ಇಷ್ಟ ವರ್ಷದಾಗ ಹೆಂಡ್ತಿ ಒದರಿದ್ದು ಕೇಳಿ ಗಾಡಿ ನಿಲ್ಲಿಸಿಲ್ಲ ನಾನು. ಬೆಲ್ ಕೇಳಿ ನಿಲ್ಲಿಸೀನಿ!"

ಟಕ್ ಟಕ್! ಡಬಲ್ ಬೆಲ್. ಕೇಕಿನ ಮಹಾಯಾತ್ರೆ ಹೊರಟಿತು.

ಸುಳ್ಳೇಕೆ ಹೇಳಬೇಕು, ಕುರ್ಲಾ ದಾಟುವತನಕ ಅವನು ಓಡಿಸಿದ್ದು ಚೆನ್ನಾಗಿಯೇ ಇತ್ತು. ಟೆಂಡರು ನುಂಗಿದವರ ಹೊಟ್ಟೆಯಷ್ಟೇ ದೊಡ್ಡ ತಗ್ಗುಗಳಿದ್ದ ರಸ್ತೆಯಲ್ಲಿ ವ್ಯಾನು ಗರ್ಭಿಣಿಯಂತೆ ನಡೆಯಿತು. ಲಕ್ಷ್ಮವ್ವ ಒಮ್ಮೆ ಬಡಿದಳು, ನಿಂತಿತು. ಎರಡು ಸಲ ಬಡಿದಳು, ಹೊರಟಿತು. "ನೋಡಿದೇನು? ಇದಕ್ಕಂತಾರ ಡ್ರೈವಿಂಗ್!" ಎಂದು ಅವನು ಕನ್ನಡಿಯಲ್ಲಿ ಮೀಸೆ ತಿರುವಿದ.

ಹೈವೇ ಹತ್ತಿದರು. ಅಲ್ಲಿ ಶನಿ ಕಾಯುತ್ತಿದ್ದ, ಫೋನ್ ಚಾರ್ಜರ್ ಮಾರುವವನ ವೇಷದಲ್ಲಿ.

ಗಾಡಿಗಳು ತೆವಳುತ್ತಿದ್ದವು. ಚಾರ್ಜರಿನವನು ಬಂದು ವ್ಯಾನಿನ ಮಗ್ಗುಲಿಗೆ ಒಮ್ಮೆ ತಟ್ಟಿದ. ಟಕ್! ಅಣವೀರಪ್ಪನ ಕಾಲು ಗಚ್ಚನೆ ಬ್ರೇಕು ತುಳಿಯಿತು. ಹಿಂದಿನಿಂದ ಹತ್ತೆಂಟು ಹಾರ್ನುಗಳು ಅವನ ವಂಶಾವಳಿಯನ್ನೇ ಜಾಲಾಡಿದವು.

"ನಾ ಬಡದಿಲ್ಲರೀ!" ಎಂದು ಲಕ್ಷ್ಮವ್ವ ಚೀರಿದಳು.

"ಬೆಲ್ ಆತಲ್ಲ!"

"ಅಂವ ಚಾರ್ಜರ್ ಮಾರಾಂವ!"

ಅಣವೀರಪ್ಪನಿಗೂ ಅದು ಗೊತ್ತಿತ್ತು. ಕಾಲಿಗೆ ಗೊತ್ತಿರಲಿಲ್ಲ. ಜೀವಮಾನವಿಡೀ ಬೆಲ್ಲಿನ ಚಾಕರಿ ಮಾಡಿದ ಕಾಲು ಅದು. ತಲೆಗೆ ಸುದ್ದಿ ಮುಟ್ಟುವ ಮೊದಲೇ ಬ್ರೇಕಿಗೆ ಮುಟ್ಟಿರುತ್ತಿತ್ತು. ಮುಂಬಯಿಯಲ್ಲೋ, ಗಾಡಿ ತಟ್ಟದ ಕೈಯೇ ಇಲ್ಲ! ಗಜರೆ ಮಾರುವವಳು ತಟ್ಟಿದಳು, ನಿಂತಿತು. ಸಂದಿಯಲ್ಲಿ ನುಸುಳುವ ಬೈಕಿನವನು 'ಸರಿ ಆಚೆ' ಎಂದು ಎರಡು ಸಲ ಗುದ್ದಿದ, ಹೊರಟಿತು. ಕೆಂಪು ದೀಪ ಉರಿಯುತ್ತಿದ್ದಾಗಲೇ ಹೊರಟಿತು! ಟ್ರಾಫಿಕ್ ಪೊಲೀಸ ಎದುರು ಜಿಗಿದು ಬಾನೆಟ್ಟಿಗೆ ಒಂದೇಟು ಹಾಕಿದ, ನಿಂತಿತು. ಒಳಗೆ ಕೇಕನ್ನೂ ಅದನ್ನು ತಬ್ಬಿಕೊಂಡು ಕಣ್ಣು ಮೇಲೆ ಮಾಡಿದ್ದ ಲಕ್ಷ್ಮವ್ವನನ್ನೂ ನೋಡಿದ. ಕೈ ಮುಗಿದು, "ಜಾ ಬಾಬಾ, ಜಾ" ಎಂದು ಎರಡು ಸಲ ತಟ್ಟಿದ. ಮತ್ತೆ ಹೊರಟಿತು. ಇಡೀ ಮಹಾನಗರವೇ ಅವತ್ತು ಅಣವೀರಪ್ಪನ ಕಂಡಕ್ಟರ್. ಅವನ ಹಿಂದೆ ಹೈವೇಯ ಅರ್ಧ ಗಾಡಿಗಳು ದಿಬ್ಬಣದಂತೆ ಸಾಲುಗಟ್ಟಿದ್ದವು.

"ಬೂಟು ಬಿಚ್ಚಿ ಆ ಕಾಲಿಗೆ ನಾಕ ಹೊಡಕೋರಿ!" ಎಂದಳು ಲಕ್ಷ್ಮವ್ವ.

ಅಂಧೇರಿಯ ಬಸ್ ಸ್ಟಾಪಿನ ಎದುರು ಗಾಡಿ ತೆವಳುತ್ತಿದ್ದಾಗ ಮತ್ತೆ ಟಕ್! ಈ ಸಲ ತಟ್ಟಿದವಳು ಗಂಗುಬಾಯಿ: ತಲೆಯ ಮೇಲೆ ಕೊತ್ತಂಬರಿಯ ಗಂಟು, ಬಾಯಿಯಲ್ಲಿ ಎಲೆಯಡಿಕೆ, ದೇಹ ಬೊರಿವಲಿಯ ಗುಡ್ಡದಷ್ಟು. ವ್ಯಾನು ಸ್ಟಾಪಿನ ಕಟ್ಟೆಗೆ ಸರಿಯಾಗಿ, ಒಂದು ಗೇಣೂ ಆಚೀಚೆಯಾಗದೆ ನಿಂತಿತು. ಗಂಗುಬಾಯಿ ಬಾಗಿಲು ಸರಿಸಿ, "ಗೋರೆಗಾಂವ್" ಎನ್ನುತ್ತ ಹತ್ತಿಯೇ ಬಿಟ್ಟಳು.

"ಬಾಯೀ, ಯೇ ಬಸ್ ನಹೀ ಹೈ!" ಎಂದು ಲಕ್ಷ್ಮವ್ವ ಡಬ್ಬಿಯ ಮರೆಯಿಂದಲೇ ಕೂಗಿದಳು.

"ಮಗ ಸ್ಟಾಪ್‌ವರ ಕಶಾಲಾ ಥಾಂಬಲಾ?"

ಬಸ್ಸಲ್ಲದಿದ್ದರೆ ಸ್ಟಾಪಿನಲ್ಲಿ ನಿಂತದ್ದು ಯಾಕೆ? ನ್ಯಾಯವಾದ ಪ್ರಶ್ನೆ. ಮೇಲಾಗಿ, ಸ್ಟಾಪಿನಲ್ಲಿ ಹತ್ತಿದ ಪ್ಯಾಸೆಂಜರನ್ನು ಇಳಿಸಿದ ಅಪಕೀರ್ತಿ ಅವನ ಸರ್ವಿಸಿನಲ್ಲೇ ಇರಲಿಲ್ಲ. "ಕೂಡ್ಲಿ ಬಿಡು, ಗೋರೆಗಾಂವದಾಗ ಇಳೀತಾಳಂತ" ಎಂದ.

ಗಂಗುಬಾಯಿ ಕೂತಳು. ಕೂತು ಒಮ್ಮೆ ಆಚೆ, ಒಮ್ಮೆ ಈಚೆ ಒರಗಿ ಸರಿಮಾಡಿಕೊಂಡಳು. "ಕಿತೀ ಮಊ ಸೀಟ್ ಆಹೇ!" ಎಂದು ಸೀಟಿನ ಮೆತ್ತಗಿನ ಸುಖವನ್ನು ಮನಸಾರೆ ಹೊಗಳಿದಳು.

"ಕೇಳಿದೇನು? ಪ್ಯಾಸೆಂಜರ್ ಖುಷ್!" ಎಂದ ಅಣವೀರಪ್ಪ. ಬೆನ್ನು ಮಾಡಿ ಕೂತಿದ್ದ ಲಕ್ಷ್ಮವ್ವನಿಗೆ ಏನೂ ಕಾಣಲಿಲ್ಲ.

ಗೋರೆಗಾಂವಿನಲ್ಲಿ ಗಂಗುಬಾಯಿ ಆಶೀರ್ವಾದ ಮಾಡಿ ಇಳಿದುಹೋದಳು. ಬಾಗಿಲು ಹಾಕಲೆಂದು ಲಕ್ಷ್ಮವ್ವ ಹಿಂದೆ ಹೊರಳಿದಳು. ಅವಳ ಬಾಯಿಗೆ ಬೀಗ ಬಿದ್ದದ್ದು ಅದೇ ಮೊದಲು. ಅಣವೀರಪ್ಪ ಹೆದರಿ ಇಳಿದು ಬಂದು ನೋಡಿದ.

ಸೀಟಿನ ಮೇಲಿದ್ದ ಸಣ್ಣ ಡಬ್ಬಿ ರೊಟ್ಟಿಯಾಗಿತ್ತು. ಮುಚ್ಚಳ ಹರಿದು ಮೇಲಿನ ಅಂತಸ್ತು ನಾಲ್ಕೂ ಕಡೆ ಹರಡಿತ್ತು. ಅದರ ನಡುವೆ ಸಕ್ಕರೆಯ ಮದುಮಗ ಸೊಂಟದವರೆಗೆ ಕ್ರೀಮಿನಲ್ಲಿ ಹೂತು, ಕಪ್ಪು ಕೋಟು ತೊಟ್ಟು, ಒಬ್ಬನೇ ನಿಂತಿದ್ದ.

"ಮದುಮಗಳು ಎಲ್ಲಿ?" ಎಂದ.

ಇಬ್ಬರೂ ರಸ್ತೆಯ ಕಡೆ ನೋಡಿದರು. ದೂರದ ಪಾದಚಾರಿ ಸೇತುವೆಯ ಮೆಟ್ಟಿಲೇರುತ್ತಿದ್ದ ಗಂಗುಬಾಯಿಯ ಸೀರೆಯ ಹಿಂಭಾಗದಲ್ಲಿ ಗುಲಾಬಿ ಲಂಗದ ಮದುಮಗಳು ಅಂಟಿಕೊಂಡು ತವರು ಬಿಟ್ಟು ಹೊರಟಿದ್ದಳು!

"ಓಡ್ರಿ! ಹೋಗಿ ಹಿಡೀರಿ!"

"ಹಿಡದು ಏನಂತ ಕೇಳ್ಲಿ? ಬಾಯೀ, ನಿನ್ನ ಕುಂಡಿಗೆ ನಮ್ಮ ಮದುಮಗಳು ಹತ್ಯಾಳ, ಬಿಚ್ಚಿ ಕೊಡು ಅಂತೇನು? ಮಂದಿ ಬೂಟಿಲೆ ಬಡದು ಪೊಲೀಸರಿಗೆ ಕೊಡ್ತಾರ ನನ್ನ!"

ತಲೆ ಕೆರೆಯುತ್ತ ಅವನು ಮತ್ತೆ ಸ್ಟಿಯರಿಂಗ್ ಹಿಡಿದ. ಅಷ್ಟರಲ್ಲಿ ಹಿಂದೆ ಸಿಕ್ಕಿಬಿದ್ದಿದ್ದ ರಿಕ್ಷಾದವನು ತಾಳ್ಮೆ ಕೆಟ್ಟು ಓಡಿ ಬಂದು ವ್ಯಾನಿಗೆ ಧಡ್ ಧಡ್ ಎಂದು ಎರಡು ಸಲ ಗುದ್ದಿದ. ಡಬಲ್ ಬೆಲ್! ಲಕ್ಷ್ಮವ್ವ ಕೂರುವ ಮೊದಲೇ ವ್ಯಾನು ಚಂಗನೆ ನೆಗೆಯಿತು. ಅವಳು ಮುಗ್ಗರಿಸಿ, ಬೀಳುವುದನ್ನು ತಪ್ಪಿಸಿಕೊಳ್ಳಲು ಕೈಗೆ ಸಿಕ್ಕದ್ದನ್ನು ಹಿಡಿದಳು. ಸಿಕ್ಕದ್ದು ಕೇಕು. ಬಿಳಿ ಕ್ರೀಮಿನ ಗೋಡೆಯೊಳಗೆ ಎರಡೂ ಕೈ ಮೊಳಕೈತನಕ ಹೋದವು. ಹೊರಗೆ ತೆಗೆದಾಗ ಕೇಕಿನ ಮೇಲೆ ಹಸಿರು ಬಳೆಗಳ ಅಚ್ಚು, ಬಳೆಗಳ ಮೇಲೆ ಕ್ರೀಮಿನ ಗುಲಾಬಿ.

ಬೊರಿವಲಿಯ ಸಭಾಗೃಹದ ಹಿಂಬಾಗಿಲಲ್ಲಿ ಶಿವಕುಮಾರಿ ಕಾಯುತ್ತಿದ್ದಳು. ಡಬ್ಬಿ ನೋಡಿದಳು. ಅತ್ತೆಯ ಕೈ ನೋಡಿದಳು. ಮಾವನ ಮುಖ ನೋಡಲಿಲ್ಲ.

"ಯವ್ವಾ, ರೋಡ್ ಸರಿ ಇದ್ದಿಲ್ಲ..." ಎಂದು ಅಣವೀರಪ್ಪ ಶುರುಮಾಡಿದ.

"ಚಾಕು ಕೊಡ್ರಿ" ಎಂದಳು ಸೊಸೆ.

ಅವನು ಎರಡು ಹೆಜ್ಜೆ ಹಿಂದೆ ಸರಿದ.

ಅವಳು ಚಾಕುವಿನಿಂದ ಕ್ರೀಮು ಕೆರೆದು, ಬಳಿದು, ಬಳೆಯ ಅಚ್ಚಿದ್ದ ಮಗ್ಗುಲನ್ನು ಗೋಡೆಗೆ ತಿರುಗಿಸಿ, ಟೇಬಲ್ಲಿನ ಹೂವು ಕಿತ್ತು ಸಂದಿ ಮುಚ್ಚಿದಳು. ಮೂರು ಅಂತಸ್ತು ಎರಡಾಯಿತು. ತುದಿಯಲ್ಲಿ ಮದುಮಗನನ್ನು ಒಬ್ಬನನ್ನೇ ನಿಲ್ಲಿಸಿದಳು. ಬೇರೆ ದಾರಿ ಇರಲಿಲ್ಲ. ಅವಳ ಕಣ್ಣಲ್ಲಿ ನೀರು ಅಂಚಿಗೆ ಬಂದು ನಿಂತಿತ್ತು. ದೇವರ ದಯೆ, ಹುಡುಗಿ ಲಾವಣ್ಯಾ ಇನ್ನೂ ಬಂದಿರಲಿಲ್ಲ. ಅದರಿಂದ ಇಷ್ಟಾದರೂ ಹೊತ್ತು ಸಿಕ್ಕಿತು.

ದೂಜಣ್ಣ ಬಂದು ಕನ್ನಡಕ ಏರಿಸಿ ನೋಡಿದ. "ಎಂತ ಮಾರಾಯ್ರೆ ಇದು? ಹುಡುಗ ಒಬ್ಬನೇ ಉಂಟಲ್ಲ! ಹುಡುಗಿ ಎಲ್ಲಿ?"

"ಗೋರೆಗಾಂವದಾಗ ಇಳದು ಹೋದ್ಲರಿ" ಎಂದ ಅಣವೀರಪ್ಪ, ತಲೆ ತಗ್ಗಿಸಿ.

ಪಕ್ಕದಲ್ಲೇ ನಿಂತಿದ್ದ ವರ ಹಿತೇಶ್ ಇದನ್ನು ಕೇಳಿ ಬೆವರಿಬಿಟ್ಟ. ಅವನ ಲಾವಣ್ಯಾಳೂ ಬಂದಿರಲಿಲ್ಲ, ಫೋನೂ ಎತ್ತುತ್ತಿರಲಿಲ್ಲ! "ಅಂಕಲ್, ಕೌನ್ ಉತರ್ ಗಯೀ? ಕಿಸ್ಕೇ ಸಾಥ್?" ಎಂದು, ಇಳಿದುಹೋದವಳು ಯಾರು, ಯಾರ ಜೊತೆ ಹೋದಳೆಂದು ಕಂಗಾಲಾಗಿ ಅಣವೀರಪ್ಪನ ಖಾಕಿ ಅಂಗಿ ಹಿಡಿದ. ಅವನ ತಾಯಿ ಕುರ್ಚಿಯ ಮೇಲೆ ಕುಸಿದಳು. ಯಾರೋ ನೀರು ತಂದರು. "ಅಕೀ ಅಲ್ಲರೀ, ಸಕ್ರೀದಾಕಿ!" ಎಂದು ಲಕ್ಷ್ಮವ್ವ ಕ್ರೀಮಿನ ಕೈ ಬೀಸಿ ಎಷ್ಟು ಹೇಳಿದರೂ ಯಾರಿಗೂ ತಿಳಿಯಲಿಲ್ಲ.

ಆಗ ಬಾಗಿಲಲ್ಲಿ ಲಾವಣ್ಯಾ ಪ್ರತ್ಯಕ್ಷಳಾದಳು, ಲಂಗ ಎತ್ತಿ ಹಿಡಿದು, ಮೂಗಿನ ತುದಿ ಕೆಂಪಗೆ. "ಸಾರಿ ಸಾರಿ! ಹೈವೇ ಫುಲ್ ಜಾಮ್! ಯಾರೋ ಪಾಗಲ್ ಸ್ಕೂಲ್ ವ್ಯಾನ್‌ವಾಲಾ... ನಡೀತಾನೆ, ನಿಲ್ತಾನೆ, ನಡೀತಾನೆ, ನಿಲ್ತಾನೆ! ಸಿಕ್ಕಿದ್ರೆ ಅವನನ್ನ ನಾನು..."

ಅಣವೀರಪ್ಪ ತಲೆ ಎತ್ತಿ ಚಾವಣಿಯ ಫ್ಯಾನುಗಳನ್ನು ಒಂದೊಂದಾಗಿ ಪರಿಶೀಲಿಸತೊಡಗಿದ.

ಲಾವಣ್ಯಾಳ ಕಣ್ಣು ಕೇಕಿನ ಮೇಲೆ ಬಿತ್ತು. ಶಿವಕುಮಾರಿ ಗೋಡೆ ಕಡೆಯ ಬಳೆಯ ಅಚ್ಚಿಗೆ ಅಡ್ಡ ನಿಂತಳು. ಲಾವಣ್ಯಾ ಒಂಟಿ ಮದುಮಗನನ್ನು ನೋಡಿದಳು, ಬೆವರೊರೆಸುತ್ತಿದ್ದ ಹಿತೇಶನನ್ನು ನೋಡಿದಳು. "ಅರೇ, ಇದು ನೀನೇ! ಒಬ್ಬನೇ ನಿಂತು ನನಗೆ ವೇಟ್ ಮಾಡ್ತಾ ಇದ್ದೀಯಾ!" ಎಂದು ಹೊಟ್ಟೆ ಹಿಡಿದು ನಕ್ಕಳು. ಹುಡುಗಿ ನಕ್ಕ ಮೇಲೆ ಬೀಗರೂ ನಗಬೇಕಾಯಿತು. ಕೇಕು ಕತ್ತರಿಸಿದರು. ತಿಂದವರು ಮತ್ತೆ ತಟ್ಟೆ ಒಡ್ಡಿದರು. ಕೊನೆಗೆ ಗೋಡೆ ಕಡೆಯ ಬಳೆಯ ಅಚ್ಚೂ ಉಳಿಯಲಿಲ್ಲ.

ದೂಜಣ್ಣ ಬೆರಳು ನೆಕ್ಕುತ್ತ ಶಿವಕುಮಾರಿಯನ್ನು ಪಕ್ಕಕ್ಕೆ ಕರೆದು ಮಾತಾಡಿದ. ದೂರದಿಂದ ಅಣವೀರಪ್ಪನಿಗೆ ಮಾತು ಕೇಳಲಿಲ್ಲ, ತಲೆ ಅಲ್ಲಾಡಿಸುವುದು ಮಾತ್ರ ಕಂಡಿತು. ಹೌದೆಂದೋ ಅಲ್ಲವೆಂದೋ ತಿಳಿಯದೆ ಅವನು ಮತ್ತೆ ಫ್ಯಾನು ಎಣಿಸತೊಡಗಿದ.

ಹಿಂತಿರುಗಿ ಬಂದ ಸೊಸೆ ಕೇಕು ಬಂದ ಮೇಲೆ ಮೊದಲ ಸಲ ಮಾವನ ಮುಖ ನೋಡಿದಳು.

"ಮಾವಾರ, ಇನ್ನ ಮ್ಯಾಲ ಇಲ್ಲಿ ಎಲ್ಲಾ ಕೇಕೂ ನಮ್ದ. ಮುಂದಿನ ವಾರನ ಒಂದು ಮದವಿ ಐತಿ, ಐದು ಅಂತಸ್ತಿಂದು."

ಅಣವೀರಪ್ಪನ ಎದೆ ಮತ್ತೆ ಡಬಲ್ ಡೆಕ್ಕರಿನಷ್ಟು ಎತ್ತರಕ್ಕೆ ಎದ್ದಿತು. "ಶಾಭಾಷ್! ಹಂಗಾದ್ರ ನಾ ಏನ್ ಮಾಡ್ಲೆವ್ವಾ?"

"ನೀವು ನಮ್ಮೂರು ವಿಜಾಪುರಕ್ಕ ಹೋಗ್ರಿ. ಈಗ ಫೋನಿನ್ಯಾಗ ಟಿಕೀಟ್ ತಗದೀನಿ."

"ಬರೂದು ಯಾವಾಗ?"

"ಹೋಗೂದಷ್ಟ ತಗದೀನ್ರಿ. ಬರೂದು, ಕೇಕಿನ ಆರ್ಡರ್ ಎಲ್ಲಾ ಮುಗದ ಮ್ಯಾಲ ತಗಸ್ತೀನಿ."