ಇಪ್ಪತ್ತೇಳನೇ ಬೊಟ್ಟು

ನಾನು ಎಲ್ಲವನ್ನೂ ಬರೆದಿಡುವವಳು. ಹಲ್ಲುಜ್ಜುವ ಬ್ರಷ್ಷು ಬದಲಿಸಿದ ದಿನ, ಮದ್ರಾಸಿನ ಪುರಸೈವಾಕ್ಕಂನ ನಮ್ಮ ಬೀದಿಗೆ ಲಾರಿ ನೀರು ಬಂದ ದಿನ, ಬರುತ್ತದೆಂದು ಹೇಳಿ ಬಾರದ ದಿನ, ಎಲ್ಲಕ್ಕೂ ಡೈರಿಯಲ್ಲಿ ಪ್ರತ್ಯೇಕ ಪುಟವಿದೆ. ಇಂಥವಳ ಕೈಯಲ್ಲಿ ಯಾವ ಕೆಲಸವೂ ಕೆಡಲಾರದು ಎಂದು ಇಪ್ಪತ್ತೆರಡನೇ ವಯಸ್ಸಿನವರೆಗೆ ಬಲವಾಗಿ ನಂಬಿದ್ದೆ. ಆ ನಂಬಿಕೆ ಮುರಿದದ್ದು ಒಂದು ವಿಜಯದಶಮಿಯ ಬೆಳಿಗ್ಗೆ, ಒಂಬತ್ತು ಗಂಟೆ ಹದಿನಾಲ್ಕು ನಿಮಿಷಕ್ಕೆ. ಅದನ್ನೂ ಬರೆದಿಟ್ಟಿದ್ದೇನೆ.

ಆಗ ನಮ್ಮ ಮನೆಯಲ್ಲಿ ಒಂದು ವಿಮಾನವಿತ್ತು. ಮನೆಯಲ್ಲಿ ಎಂದರೆ ಮನೆಯೊಳಗಲ್ಲ, ಮೀನಂಬಾಕ್ಕಂ ವಿಮಾನ ನಿಲ್ದಾಣದ ಒಂದು ಮೂಲೆಯ ತಗಡಿನ ಶೆಡ್ಡಿನಲ್ಲಿ. ಎರಡೇ ಸೀಟು, ಮೂತಿಗೊಂದು ಫ್ಯಾನು, ನನಗಿಂತ ಎಂಟು ವರ್ಷ ಹಿರಿಯದಾದ ಪಿಸ್ಟನ್ ಎಂಜಿನ್ನು. ಪೈಲಟ್ ಆಗಲು ನಾನು ಸೇರಿದ್ದ ತರಬೇತಿ ಶಾಲೆಯಲ್ಲಿ ಹದಿನೇಳು ವಿದ್ಯಾರ್ಥಿಗಳಿಗೆ ಹಾರುವ ಸ್ಥಿತಿಯಲ್ಲಿದ್ದ ವಿಮಾನ ಒಂದೇ. ಲೈಸೆನ್ಸಿಗೆ ಇನ್ನೂರು ಗಂಟೆ ಹಾರಿರಬೇಕು. ನನ್ನ ಪಾಲಿಗೆ ಬರುತ್ತಿದ್ದದ್ದು ತಿಂಗಳಿಗೆ ಮೂರು ಗಂಟೆ. ಭಾಗಿಸಿ ನೋಡಿದೆ. ಐದೂವರೆ ವರ್ಷ ಬಂತು.

ಈ ಲೆಕ್ಕವನ್ನು ಮಣಲಿಯ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಆಗಿದ್ದ ಚಿಕ್ಕಪ್ಪನಿಗೆ ತೋರಿಸಿದೆ. ಅವರಿಗೆ ಮದುವೆಯಾಗಿರಲಿಲ್ಲ, ಎಂಜಿನ್ನುಗಳ ಮೇಲೆ ಪ್ರೀತಿ. ಬೇರೆ ಊರಿನಲ್ಲಿ ಫ್ಲೈಯಿಂಗ್ ಕ್ಲಬ್ಬೊಂದು ಮುಚ್ಚುತ್ತಿದೆ ಎಂಬ ಸುದ್ದಿ ಹಿಡಿದು ಹೋದವರು, ಅದರ ವಿಮಾನವನ್ನೇ ನನ್ನ ಹೆಸರಿಗೆ ಮಾಡಿಸಿಕೊಂಡು ಬಂದರು.

ಸ್ವಂತ ವಿಮಾನ ಎಂದರೆ ಜನ ಏನೇನೋ ಊಹಿಸುತ್ತಾರೆ. ಎದುರುಮನೆಯ ಮಾಮಿ ನಾನು ಬಸ್ಸಿಗೆ ನಿಂತದ್ದನ್ನು ಕಂಡಾಗಲೆಲ್ಲ, "ಸೊಂದ ಪ್ಲೇನ್ ಇರುಂದುಂ ಬಸ್ಸಾಮ್ಮಾ?" ಎಂದು, ಅಂದರೆ ಸ್ವಂತ ವಿಮಾನವಿದ್ದೂ ಬಸ್ಸೇ ಎಂದು ಕೇಳುತ್ತಿದ್ದರು. ಕೇಳಿದ್ದು ಒಟ್ಟು ಹನ್ನೊಂದು ಸಲ. ನಿಜಾಂಶ ಹೀಗಿದೆ: ಮೊದಲ ನೂರು ದಿನಗಳಲ್ಲಿ ನಾನು ಹಾರಿದ್ದು ನಲವತ್ತನಾಲ್ಕು ದಿನ, ಬಿಡಿಭಾಗಕ್ಕೆ ಕಾದದ್ದು ಮೂವತ್ತೆಂಟು ದಿನ, ಯಾರದೋ ಸಹಿಗೆ ಕಾದದ್ದು ಹದಿನೇಳು ದಿನ, ಎಂಜಿನ್ನಿನೊಳಗೆ ಕಾಗೆ ಗೂಡು ಕಟ್ಟಿದ್ದರಿಂದ ನಿಂತದ್ದು ಒಂದು ದಿನ. ಉಳಿದವರು ಪರರ ವಿಮಾನ ಹಾರಿಸಿ ಮನೆಗೆ ಹೋಗಿ ಮಲಗುತ್ತಿದ್ದರು. ನನಗೆ ಮಳೆ ಬಂದರೆ ಶೆಡ್ಡಿನ ತಗಡಿನ ಚಿಂತೆ, ಬಿಸಿಲು ಬಂದರೆ ಟಯರಿನ ಚಿಂತೆ.

ಆದರೂ ನವರಾತ್ರಿಯ ಹೊತ್ತಿಗೆ ಇನ್ನೂರ ಮೂರು ಗಂಟೆ ಮುಗಿಸಿದ್ದೆ. ಉಳಿದದ್ದು ಪರೀಕ್ಷಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾರಿ ತೋರಿಸುವ ಕೊನೆಯ ಪರೀಕ್ಷೆ. ಇದಕ್ಕೂ ಒಂದು ಗಡುವಿತ್ತು. ನಾನು ಮೊದಲೇ ಪಾಸು ಮಾಡಿದ್ದ ನಾಲ್ಕು ಲಿಖಿತ ಪರೀಕ್ಷೆಗಳ ಅವಧಿ ವಿಜಯದಶಮಿ ಕಳೆದ ಒಂಬತ್ತನೇ ದಿನಕ್ಕೆ ತೀರುತ್ತಿತ್ತು. ಅಷ್ಟರಲ್ಲಿ ಹಾರಾಟದ ಪರೀಕ್ಷೆ ಆಗದಿದ್ದರೆ ನಾಲ್ಕನ್ನೂ ಮತ್ತೆ ಮೊದಲಿನಿಂದ ಬರೆಯಬೇಕು. ಪರೀಕ್ಷಕರು ವಾಯುಪಡೆಯಿಂದ ನಿವೃತ್ತರಾಗಿ ಬೆಂಗಳೂರಿನಲ್ಲಿದ್ದ ಹುಬ್ಬಳ್ಳಿಯ ಕಡೆಯವರು. ಫೋನಿನಲ್ಲಿ ಸ್ಪಷ್ಟವಾಗಿ ಹೇಳಿದರು: "ವಿಜಯದಶಮಿ ಮುಂಜಾನೆ ಬರ್ತೀನಿ. ಆಮ್ಯಾಲೆ ಒಂದು ತಿಂಗಳು ಊರಾಗ ಇರೂದಿಲ್ಲ."

ಅಂದರೆ ಇರುವುದು ಒಂದೇ ಅವಕಾಶ. ಭಯವಾದಾಗ ನಾನು ಪಟ್ಟಿ ಮಾಡುತ್ತೇನೆ. ಹಾರುವ ಮುನ್ನ ವಿಮಾನವನ್ನು ಸುತ್ತಿ ನೋಡಬೇಕಾದ ಸಂಗತಿಗಳ ಪಟ್ಟಿ ವಿಮಾನದ ಪುಸ್ತಕದಲ್ಲೇ ಇತ್ತು. ಆದರೆ ಅದು ಐವತ್ತಮೂರು ಸಾಲಿನದು, ಎರಡು ಪುಟಕ್ಕೆ ಹರಿದಿತ್ತು. ಪರೀಕ್ಷಕರ ಎದುರು ಪುಟ ತಿರುಗಿಸುವಾಗ ಸಾಲು ತಪ್ಪಿದರೆ? ಕೂತು ನೀಟಾಗಿ ಒಂದೇ ಪುಟಕ್ಕೆ ಹೊಂದುವಂತೆ ಬರೆದೆ. ಮೂರು ಕಡೆ ಎರಡೆರಡು ಸಾಲುಗಳನ್ನು ಕೂಡಿಸಿದ್ದರಿಂದ ಸರಿಯಾಗಿ ಐವತ್ತಾಯಿತು. ಉದಾಹರಣೆಗೆ, ಪುಸ್ತಕದಲ್ಲಿ "ವೇಗ ಅಳೆಯುವ ಕೊಳವೆಯ ಕವರ್ ತೆಗೆದಿದೆ" ಎಂದು ಒಂದು ಸಾಲು, "ಕೊಳವೆಯ ತೂತಿನಲ್ಲಿ ಏನೂ ಕಟ್ಟಿಕೊಂಡಿಲ್ಲ" ಎಂದು ಇನ್ನೊಂದು ಸಾಲು ಇತ್ತು. ನಾನು "ಕೊಳವೆ: ಕವರ್, ತೂತು" ಎಂದು ಬರೆದೆ. ಒಂದೇ ಸಾಲು, ಒಂದೇ ಟಿಕ್ಕು. ಆ ಅಚ್ಚುಕಟ್ಟು ನೋಡಿ ನನಗೇ ಸಂತೋಷವಾಗಿ ಲ್ಯಾಮಿನೇಟ್ ಮಾಡಿಸಿದೆ.

ಪರೀಕ್ಷೆಯ ಹಿಂದಿನ ದಿನ ಆಯುಧ ಪೂಜೆ. ಮದುವೆಯಾಗಿ ಮದ್ರಾಸಿಗೆ ಬಂದು ಅರವತ್ತು ವರ್ಷವಾಗಿದ್ದ ನಮ್ಮಜ್ಜಿ ಬೆಳಿಗ್ಗೆಯೇ ಒಂದು ಬೋಗುಣಿ ಗಂಧ ತೇಯ್ದು ತಯಾರಾಗಿದ್ದರು.

"ಮಿಕ್ಸಿಗೆ ಇಟ್ಟೆ, ಟೀವಿಗೆ ಇಟ್ಟೆ. ನಿಂಗೆ ಅನ್ನ ಹಾಕೋ ಪ್ಲೇನಿಗೆ ಬೊಟ್ಟಿಡಬೇಡ್ವೇನೇ ಮೈಥಿಲಿ?"

"ಅದಿನ್ನೂ ಅನ್ನ ಹಾಕಿಲ್ಲ ಅಜ್ಜಿ."

"ಇಟ್ರೆ ತಾನೇ ಹಾಕತ್ತೆ? ಚುಮ್ಮಾ ಮಾತಾಡದೆ ಕಾರ್ ಹತ್ತು."

ಅಜ್ಜಿ, ಚಿಕ್ಕಪ್ಪ, ನಾನು, ಗಂಧದ ಬೋಗುಣಿ ಶೆಡ್ಡು ತಲುಪಿದೆವು. ವಿಮಾನ ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್ ಸೆಲ್ವಂ ಅಜ್ಜಿಯನ್ನು ಕೈಹಿಡಿದು ಸುತ್ತು ಹಾಕಿಸಿದರು. ಕೆಲಸ ಮಾಡುವ ಪ್ರತಿಯೊಂದಕ್ಕೂ ಬೊಟ್ಟಿಡಬೇಕು ಎಂಬುದು ಅಜ್ಜಿಯ ನಿಯಮ. ಒಂದೊಂದನ್ನೂ ಮುಟ್ಟಿ, "ಇದು ಏನು ವೇಲೆ ಮಾಡತ್ತಪ್ಪಾ?" ಎಂದು ವಿಚಾರಣೆ ನಡೆಸುತ್ತಿದ್ದರು. ವೇಲೆ ಇದೆ ಎಂದು ಖಚಿತವಾದ ಮೇಲೆಯೇ ಗಂಧ, ಅದರ ಮೇಲೆ ಕುಂಕುಮ. ನಾನು ಹಿಂದೆಹಿಂದೆಯೇ ಡೈರಿ ಹಿಡಿದು ಕ್ರಮಸಂಖ್ಯೆ ಹಾಕಿ ಬರೆಯುತ್ತ ಹೋದೆ. ಬರೆಯುವವಳಿಗೆ ತಲೆ ಎತ್ತುವ ಅಭ್ಯಾಸ ಇರುವುದಿಲ್ಲ.

ಇಪ್ಪತ್ತಾರನೆಯದು ಬಾಗಿಲಿನ ಹಿಡಿ. ಆಮೇಲೆ ಅಜ್ಜಿ ಎಡರೆಕ್ಕೆಯ ಕೆಳಗೆ ಬೆರಳು ಗಾತ್ರದ ಒಂದು ಕೊಳವೆಯನ್ನು ಕಂಡರು.

"ಈ ಕಂಬಿ ಏನು ವೇಲೆ ಮಾಡತ್ತೆ?"

"ಪಾಟಿ, ಇದು ದಾನ್ ರೊಂಬ ಮುಖ್ಯಂ," ಎಂದರು ಸೆಲ್ವಂ. ಇದರ ತೂತಿನೊಳಗೆ ಗಾಳಿ ಹೋದರೆ ಮಾತ್ರ ವಿಮಾನ ಎಷ್ಟು ವೇಗದಲ್ಲಿದೆ ಎಂದು ಒಳಗೆ ಕೂತವರಿಗೆ ತಿಳಿಯುತ್ತದೆ, ವೇಗ ತಿಳಿಯದಿದ್ದರೆ ಮೇಲೇರುವಂತಿಲ್ಲ ಎಂದು ಭಕ್ತಿಯಿಂದ ವಿವರಿಸಿದರು. ಅಷ್ಟರಲ್ಲಿ ಚಿಕ್ಕಪ್ಪ ಕಾರಿನಿಂದ ತೆಂಗಿನಕಾಯಿ ತರಲು ಅವರನ್ನು ಕರೆದರು.

"ಅಷ್ಟು ಮುಖ್ಯ ಅಂದ್ಮೇಲೆ ಚಿಕ್ಕ ಬೊಟ್ಟು ಸಾಲದು," ಎಂದರು ಅಜ್ಜಿ. ನಿಂಬೆಹಣ್ಣಿನಷ್ಟು ಗಂಧ ತೆಗೆದು ಕೊಳವೆಯ ತುದಿಗೆ ಒತ್ತಿದರು.

ನಾನು ಬರೆದುಕೊಂಡೆ: "27. ವೇಗದ ಕೊಳವೆ. ದೊಡ್ಡದು."

ಒಟ್ಟು ನಲವತ್ತೊಂದು ಬೊಟ್ಟು. ಸಂಜೆ ಕತ್ತಲಲ್ಲಿ ಸೆಲ್ವಂ ಪ್ರತಿದಿನದಂತೆ ಕೊಳವೆಗೆ ಕೆಂಪು ಬಟ್ಟೆಯ ಕವರ್ ತೊಡಿಸಿ ಶೆಡ್ಡು ಮುಚ್ಚಿದರು.

ಮರುದಿನ ಎಂಟೂವರೆಗೆ ಪರೀಕ್ಷಕರು ಬಂದರು. ವಿಮಾನದ ಸುತ್ತ ಒಂದು ಸಲ ನಡೆದು ನನ್ನ ಕಡೆ ತಿರುಗಿದರು.

"ಏನವಾ ತಂಗಿ, ಇದು ವಿಮಾನ ಐತೋ, ಮದುಮಗ ಐತೋ?"

"ಪೂಜೆ ಸರ್. ನಲವತ್ತೊಂದು ಬೊಟ್ಟು."

"ಎಣಿಸೀಯೇನು?"

"ಬರೆದಿಟ್ಟಿದ್ದೀನಿ ಸರ್."

"ಭಾಳ ಶಿಸ್ತಿನ ಹುಡುಗಿ ಅದೀ," ಎಂದರು. ನನಗೆ ಹೆಮ್ಮೆಯಾಯಿತು. ಲ್ಯಾಮಿನೇಟ್ ಪಟ್ಟಿ ಹಿಡಿದು ಸುತ್ತು ಆರಂಭಿಸಿದೆ. ಕೊಳವೆಯ ಹತ್ತಿರ ಬಂದು ಕೆಂಪು ಕವರನ್ನು ಎಳೆದು, ಅವರಿಗೆ ಕಾಣುವಂತೆ ಎತ್ತಿ ಹಿಡಿದು, ಮಡಚಿ ಜೇಬಿಗಿಟ್ಟುಕೊಂಡೆ. ಟಿಕ್ಕು ಹಾಕಿದೆ. ಕೊಳವೆಯನ್ನು ನೋಡಲಿಲ್ಲ. ನನ್ನ ಕಣ್ಣು ಆಗಲೇ ಮುಂದಿನ ಸಾಲಿನ ಮೇಲಿತ್ತು.

ರನ್‌ವೇ ಮೇಲೆ ಓಟ ಆರಂಭವಾದೊಡನೆ ಪೈಲಟ್ ಮೂರು ಮಾತು ಗಟ್ಟಿಯಾಗಿ ಹೇಳಬೇಕು. ಎಂಜಿನ್ ಸರಿಯಿದೆ, ಆಯಿಲ್ ಸರಿಯಿದೆ, ವೇಗದ ಮುಳ್ಳು ಏಳುತ್ತಿದೆ. ಇಷ್ಟು ದಿನ ಹೇಳಿಹೇಳಿ ಮೂರೂ ನನ್ನ ನಾಲಿಗೆಯಲ್ಲಿ ಒಂದೇ ಉಸಿರಿಗೆ ಬರುತ್ತಿದ್ದವು. ಆ ದಿನವೂ ಬಂದವು.

"ಎಲ್ಲೈತಿ?" ಎಂದರು ಪರೀಕ್ಷಕರು.

"ಏನ್ ಸರ್?"

"ಏಳೂ ಮುಳ್ಳು."

ನೋಡಿದೆ. ಮುಳ್ಳು ಸೊನ್ನೆಯ ಮೇಲೆ ನೆಮ್ಮದಿಯಾಗಿ ಮಲಗಿತ್ತು. ಹೊರಗೆ ಹುಲ್ಲು ಮೊದಲು ಸ್ಕೂಟರಿನ ವೇಗದಲ್ಲಿ, ಆಮೇಲೆ ಕ್ರೋಂಪೇಟೆ ದಾಟುವ ಎಲೆಕ್ಟ್ರಿಕ್ ರೈಲಿನ ವೇಗದಲ್ಲಿ ಹಿಂದೆ ಓಡುತ್ತಿತ್ತು. ಒಳಗಿನ ಲೆಕ್ಕದ ಪ್ರಕಾರ ಮಾತ್ರ ನಾವು ಇನ್ನೂ ಹೊರಟಿರಲಿಲ್ಲ. ಪರೀಕ್ಷಕರು ಕಿಟಕಿಯಾಚೆ ನೋಡಿದರು. ಕೈ ತಾನಾಗಿ ಎಂಜಿನ್ನಿನ ಹಿಡಿಯನ್ನು ಹಿಂದಕ್ಕೆಳೆಯಿತು, ಕಾಲು ಬ್ರೇಕ್ ಒತ್ತಿತು. ವಿಮಾನ ಮುಗ್ಗರಿಸಿ ನಿಂತಿತು. ಗಂಟೆ ನೋಡಿದೆ. ಒಂಬತ್ತು ಹದಿನಾಲ್ಕು.

ರೇಡಿಯೋದಲ್ಲಿ ಟವರಿನ ಅಧಿಕಾರಿ ಇಂಗ್ಲಿಷಿನಲ್ಲಿ ನಿಂತ ಕಾರಣ ಕೇಳಿದರು. ನಮ್ಮ ಹಿಂದೆ ವಿದೇಶದ ಒಂದು ದೊಡ್ಡ ಜೆಟ್ಟು ತನ್ನೆಲ್ಲ ಪ್ರಯಾಣಿಕರೊಂದಿಗೆ ಕಾಯುತ್ತಿತ್ತು. ನನ್ನ ತಲೆಯೊಳಗೆ ಡೈರಿಯ ಪುಟಗಳು ಒಂದೊಂದಾಗಿ ತಿರುಗಿ, ಒಂದು ಕಡೆ ನಿಂತವು.

"ಇಪ್ಪತ್ತೇಳು," ಎಂದೆ.

"ಏನ ಇಪ್ಪತ್ತೇಳು?" ಎಂದರು ಪಕ್ಕದವರು.

"ಇಪ್ಪತ್ತೇಳನೇ ಬೊಟ್ಟು ಸರ್. ಕೊಳವೆಗೆ ಇಟ್ಟಿದ್ದಾರೆ."

"ನನಗಲ್ಲವಾ. ಟವರಿಗೆ ಹೇಳು."

ಸುಳ್ಳು ಹೇಳಲು ನನಗೆ ಸಮಯ ಸಾಲಲಿಲ್ಲ. "ಸ್ಯಾಂಡಲ್ ಪೇಸ್ಟ್," ಎಂದೆ. ಆಮೇಲೆ ಟವರಿನವರು ಇಂಗ್ಲಿಷ್ ಬಿಟ್ಟು ತಮಿಳಿನಲ್ಲಿ ಮೆಲ್ಲಗೆ, "ಆಯುಧ ಪೂಜೈಯಾಮ್ಮಾ?" ಎಂದು ಕೇಳಿದರು. "ಆಮಾ ಸಾರ್," ಎಂದೆ. ಹಿಂದಿನ ಜೆಟ್ಟಿನ ವಿದೇಶಿ ಪೈಲಟ್ ಮಾತ್ರ, ಈ ಸ್ಯಾಂಡಲ್ ಪೇಸ್ಟ್ ರನ್‌ವೇ ಮೇಲೆ ಎಲ್ಲೆಲ್ಲಿ ಇದೆ ಎಂದು ಗಾಬರಿಯಿಂದ ವಿಚಾರಿಸಿದರು.

ಶೆಡ್ಡಿಗೆ ಮರಳಿದಾಗ ಮರುಪೂಜೆಗೆಂದು ಬಂದ ಅಜ್ಜಿ ಕಡಲೆಕಾಳಿನ ಸುಂಡಲ್ ಡಬ್ಬಿಯೊಂದಿಗೆ ಕೂತಿದ್ದರು. ಸೆಲ್ವಂ ಹಣೆ ಚಚ್ಚಿಕೊಂಡು ಕೊಳವೆ ಬಿಚ್ಚಿ, ಸಿಮೆಂಟಿನಂತೆ ಒಣಗಿದ್ದ ಗಂಧವನ್ನು ಫ್ಲಾಸ್ಕಿನ ಬಿಸಿನೀರಿನಲ್ಲಿ ನೆನೆಹಾಕಿದರು. ಪರೀಕ್ಷಕರು ಸ್ಟೂಲಿನ ಮೇಲೆ ಕೂತು ನನ್ನ ಪಟ್ಟಿಗೆ ಕೈಚಾಚಿದರು.

"ಪುಸ್ತಕದಾಗ ಐವತ್ಮೂರು ಅದಾವಲ್ಲ. ಇಲ್ಲಿ ಐವತ್ತೇ ಅದಾವ."

"ಒಂದೇ ಪುಟಕ್ಕೆ ಹೊಂದಲಿ ಅಂತ ಸರ್."

"ಪುಟಕ್ಕ ಹೊಂದಲಿ ಅಂತ ನಮ್ಮಿಬ್ಬರ ಜೀವಾನೂ ಮಡಚಿಬಿಟ್ಟಿದ್ದಿ."

ಮನಸ್ಸಿನಲ್ಲೇ ಎಣಿಸಿದೆ. ಒಂಬತ್ತು ದಿನ, ನಾಲ್ಕು ಪರೀಕ್ಷೆ. ಇನ್ನೇನೂ ಲೆಕ್ಕಕ್ಕೆ ಸಿಗುತ್ತಿರಲಿಲ್ಲ.

"ತಪ್ಪು ನಂದಪ್ಪಾ," ಎಂದರು ಅಜ್ಜಿ. "ಮುಖ್ಯ ಅಂದ್ರು, ದೊಡ್ಡದಾಗಿ ಇಟ್ಬಿಟ್ಟೆ."

"ನೀವು ಇಡೂದು ಸರಿ ಅಮ್ಮಾರ. ನೋಡಬೇಕಾಗಿದ್ದು ಈಕಿ." ಸುಂಡಲ್ ಬಾಯಿಗೆ ಹಾಕಿಕೊಂಡು ಕೇಳಿದರು, "ಎಲ್ಲಾ ಭಾಗಕ್ಕೂ ಇಟ್ಟೀರಿ? ಬಾಲದ ತುದಿಗೆ?"

"ಎಟಕಲಿಲ್ಲ. ಈ ಸ್ಟೂಲೇ ಹಾಕಿಸ್ಕೊಂಡು ಹತ್ತಿ ಇಟ್ಟೆ."

"ಎರಡೂ ಕಡೆ?"

"ಎರಡೂ ಕಡೆ. ಕೆಳಗೆ ಬಗ್ಗಿ ನೋಡಿದ್ರೆ ಒಂದು ಸಣ್ಣ ಸ್ಕ್ರೂ ಸಡಿಲ ಇತ್ತು, ಅದನ್ನೂ ಸೆಲ್ವಂಗೆ ತೋರ್ಸ್ದೆ."

ಪರೀಕ್ಷಕರು ತಲೆದೂಗಿದರು. ನನ್ನ ಯಾವ ಉತ್ತರಕ್ಕೂ ಅವರು ಹಾಗೆ ತಲೆದೂಗಿರಲಿಲ್ಲ. ಆಮೇಲೆ ಎದ್ದು ನಿಂತು, "ನೆಲಾ ಬಿಟ್ಟಿಲ್ಲ ಅಂದಮ್ಯಾಲೆ ಪರೀಕ್ಷೆ ಸುರುವಾಗಿಲ್ಲ. ಪುಸ್ತಕ ತಗೊಂಡು ಬಾ," ಎಂದರು.

ಎರಡನೇ ಸಲ ಐವತ್ತಮೂರು ಸಾಲನ್ನೂ ಮುಟ್ಟಿಮುಟ್ಟಿ ನೋಡಿದೆ. ಕೊಳವೆಯ ತೂತನ್ನು ಮೂರು ಸಲ ಇಣುಕಿದೆ. ನಲವತ್ತೇಳು ನಿಮಿಷ ಹಿಡಿಯಿತು. ಪರೀಕ್ಷಕರು ಸುಂಡಲ್ ಮುಗಿಸಿ ಸಣ್ಣ ನಿದ್ದೆಯನ್ನೂ ಮುಗಿಸಿದರು. ರನ್‌ವೇ ಮೇಲೆ ಮುಳ್ಳು ಎದ್ದಾಗ ಅದನ್ನೇ ನೋಡುತ್ತ ಹೇಳಬೇಕಾದ ಮಾತು ಮರೆತೆ. "ಎದ್ದೈತಿ, ನಡಿ," ಎಂದು ಅವರೇ ಹೇಳಿದರು. ಒಂದೂವರೆ ಗಂಟೆ ಹಾರಿದೆವು. ಪಾಸಾದೆ.

ಪರೀಕ್ಷೆಯ ವರದಿಯ ಪ್ರತಿ ಆರನೇ ದಿನ ಕೈಸೇರಿತು. ಹಾರಾಟ ತೃಪ್ತಿಕರ, ಇಳಿಸುವಿಕೆ ತೃಪ್ತಿಕರ. ಕೊನೆಯಲ್ಲಿ ವಿಶೇಷ ಅಭಿಪ್ರಾಯ ಎಂಬ ಅಂಕಣದಲ್ಲಿ ಅವರದೇ ಕೈಬರಹದಲ್ಲಿ ಒಂದು ಸಾಲಿತ್ತು. ವಿಮಾನವನ್ನು ಸುತ್ತಿ ಪರಿಶೀಲಿಸುವ ವಿಷಯದಲ್ಲಿ ಅಭ್ಯರ್ಥಿಯು ತನ್ನ ಅಜ್ಜಿಯಿಂದ ತರಬೇತಿ ಪಡೆಯುವುದು ಒಳ್ಳೆಯದು.

ಈ ಕಾಗದವನ್ನು ಕೆಲಸದ ಅರ್ಜಿಯ ಜೊತೆ ಲಗತ್ತಿಸಲೇಬೇಕಿತ್ತು. ಒಂದು ವಿಮಾನ ಕಂಪನಿಯ ಸಂದರ್ಶನದಲ್ಲಿ ಮೂವರು ಹಿರಿಯ ಪೈಲಟ್‌ಗಳು ಕೂತಿದ್ದರು. ನನ್ನ ಇನ್ನೂರ ಐದು ಗಂಟೆಗಳ ಬಗ್ಗೆ, ಅಂಕಗಳ ಬಗ್ಗೆ, ಸ್ವಂತ ವಿಮಾನದ ಬಗ್ಗೆ ಹದಿನೆಂಟು ಉತ್ತರ ಸಿದ್ಧಪಡಿಸಿಕೊಂಡು ಹೋಗಿದ್ದೆ. ಅವರು ಆ ಕಾಗದವನ್ನು ಒಬ್ಬರಿಂದೊಬ್ಬರಿಗೆ ದಾಟಿಸಿ ಓದಿದರು. ನಡುವೆ ಕೂತವರು ಕನ್ನಡಕ ತೆಗೆದು ಮೊದಲ ಪ್ರಶ್ನೆ ಕೇಳಿದರು.

"ಅಜ್ಜಿಗೆ ವಯಸ್ಸೆಷ್ಟು?"

"ಎಪ್ಪತ್ತೆಂಟು ಸರ್," ಎಂದೆ.

ಮೂವರೂ ಒಟ್ಟಿಗೆ ನಿಟ್ಟುಸಿರು ಬಿಟ್ಟು, ಬೇರೆ ದಾರಿಯಿಲ್ಲವೆಂಬಂತೆ ನನ್ನ ಕಡೆ ನೋಡಿದರು.