ವೆಬ್‌ಸ್ಟರ್ ಅಂದರೆ ನೇಕಾರ

ಕಾರು ಓಡಿಸುವವನಿಗೆ ದಾರಿ ಗೊತ್ತಿದ್ದರೆ ಸಾಕು ಅಂತ ಜನ ತಿಳಿದಿದ್ದಾರೆ. ತಮಿಳುನಾಡಿನ ಕಂಬಂನಲ್ಲಿ ಬಾಡಿಗೆ ಕಾರು ಇಟ್ಟ ಮೇಲೆ ನಾನು ದಾರಿಗಿಂತ ಹೆಚ್ಚಾಗಿ ಹಿಂದೆ ಕೂತವರ ವಂಶದ ಕಥೆಯನ್ನೇ ನೋಡಿಕೊಳ್ಳಬೇಕಾಗಿದೆ. ಈ ವರ್ಷ ಸಿಕ್ಕವರು ಇಂಗ್ಲೆಂಡಿನ ವೆಬ್‌ಸ್ಟರ್ ಸಾರ್. ಮೇಷ್ಟರಾಗಿ ನಿವೃತ್ತರಾದವರು. ಅಂದಿನಿಂದ ತಮ್ಮ ಮನೆತನದ ಹೆಸರು ಎಲ್ಲಿಂದ ಬಂತು ಅಂತ ಹುಡುಕುವುದೇ ಅವರ ಉದ್ಯೋಗ.

ಇನಿಷಿಯಲ್

ಹತ್ತಿದ ಕೂಡಲೇ ನನ್ನ ಸರ್‌ನೇಮ್ ಕೇಳಿದರು. ನಮ್ಮಲ್ಲಿ ಅದಿಲ್ಲ, ಅಪ್ಪನ ಹೆಸರಿನ ಮೊದಲ ಅಕ್ಷರ ಮಾತ್ರ, ನನ್ನ ಮಗಳಿಗೆ ನನ್ನದು ಅಂದೆ. ಉತ್ತಮಪಾಳಯಂ ದಾಟುವಾಗ ಅವರು ಕೇಳಿದರು:

“ಹಾಗಾದರೆ ನಿಮ್ಮ ಮುತ್ತಾತನನ್ನು ಹುಡುಕುವುದು ಹೇಗೆ?”

“ಹುಡುಕೋದ್ಯಾಕೆ ಸಾರ್? ಅವರು ಎಲ್ಲೂ ಹೋಗಿಲ್ಲ. ನಮ್ಮ ಬಾಳೆತೋಟದ ಮೂಲೆಯಲ್ಲೇ ಹೂತಿದ್ದೀವಿ.”

ಅವ್ವನ ವಿಚಾರಣೆ

ಮಧ್ಯಾಹ್ನ ಊಟಕ್ಕೆ ಮನೆಗೇ ಕರೆದುಕೊಂಡು ಹೋದೆ. ವೆಬ್‌ಸ್ಟರ್ ಅಂದರೆ ಅವರ ಹಳೇ ಭಾಷೆಯಲ್ಲಿ ನೇಕಾರ ಅಂತ ಅವ್ವನಿಗೆ ಹೇಳಿದೆ. ದೊರೆ ನೇಯ್ತಾರಾ ಅಂದಳು. ಇಲ್ಲ. ಅವರಪ್ಪ? ಅಂಚೆ ಕಚೇರಿ. ಅವರ ತಾತ? ರೈಲು. ನೇಯ್ದವರು ನೂರಾರು ವರ್ಷದ ಹಿಂದಿನವರಂತೆ ಅಂದೆ. ಅವ್ವ ಅವರ ಎಲೆಗೆ ಇನ್ನಷ್ಟು ಅನ್ನ ಬಡಿಸಿದಳು, ಪಾಪದವರಿಗೆ ಬಡಿಸುವ ಹಾಗೆ.

“ನಾವು ಕನ್ನಡ ಸೀಮೆ ಬುಟ್ಟು ಎಷ್ಟು ತಲೆಮಾರಾಯ್ತೋ, ಮಾತು ಮರೀಲಿಲ್ಲ. ಇವ್ರು ಊರಲ್ಲೇ ಕುಂತು ಕಸುಬು ಮರ್ತವ್ರೆ.”

ಏನಂದರು ಅಂತ ಸಾರ್ ಕೇಳಿದರು. ಸಾಂಬಾರ್ ಬೇಕಾ ಅಂತಾರೆ ಅಂದೆ.

ಚಿನ್ನಾಳಪಟ್ಟಿ

ಸಾರ್‌ಗೆ ಬದುಕಿನಲ್ಲಿ ಒಂದೇ ಆಸೆ ಉಳಿದಿತ್ತು: ತಮ್ಮ ಕೈಯಾರೆ ಒಂದಿಷ್ಟು ಬಟ್ಟೆ ನೇಯಬೇಕು. ಮರುದಿನ ದಿಂಡಿಗಲ್ ಹತ್ತಿರದ ಚಿನ್ನಾಳಪಟ್ಟಿಗೆ ಹೋದೆವು. ಅಲ್ಲಿ ನನಗೆ ಪರಿಚಯದ ಒಬ್ಬ ಅಕ್ಕ ಇದ್ದಾರೆ, ಸೀರೆ ನೇಯುವವರು. ಸಾರ್ ಹೇಳಿದ್ದನ್ನೆಲ್ಲ ನಾನು ತಮಿಳಿನಲ್ಲಿ ಹೇಳಿದೆ. ವೆಬ್‌ಸ್ಟರ್ ಅನ್ನುವ ಹೆಸರು ಮೊದಲು ನೇಯುವ ಹೆಂಗಸರದಾಗಿತ್ತಂತೆ, ಗಂಡಸರಿಗೆ ಆಮೇಲೆ ಬಂತಂತೆ. ಅಕ್ಕ ಗಂಡನ ಕಡೆ ನೋಡಿ, ಇದನ್ನು ನಂಬಬಹುದು ಅಂದರು. ಸಾರ್ ವಂಶದವರು ಕಸುಬು ಯಾಕೆ ಬಿಟ್ಟರು ಅಂತ ಕೇಳಿದರು. ಅದೊಂದು ಮಾತ್ರ ಇನ್ನೂ ತಿಳಿದಿಲ್ಲ ಅಂತ ಸಾರ್ ಬೇಸರದಿಂದ ಒಪ್ಪಿಕೊಂಡರು.

ಅವರನ್ನು ಮಗ್ಗದ ಕೆಳಗೆ ಕಾಲಿಡುವ ಗುಂಡಿಗೆ ಇಳಿಸಿದೆವು. ಮೊಣಕಾಲು ಹಿಡಿಸಲಿಲ್ಲ. ಹೇಗೋ ಓರೆಯಾಗಿ ಕೂತು, ಕಣ್ಣು ಮುಚ್ಚಿ, ಹಿರಿಯರನ್ನು ನೆನೆದು ಲಾಳಿಯ ಹಗ್ಗ ಎಳೆದರು. ಲಾಳಿ ಹಾರಿ ಸೀರೆ ದಾಟಿ, ಮಗ್ಗ ದಾಟಿ, ಬಾಗಿಲಲ್ಲಿ ಮಲಗಿದ್ದ ಮೇಕೆಗೆ ತಾಗಿತು. ಮೇಕೆ ಎದ್ದು ಹೋಯಿತು. ಅದರ ಕಾಲಿಗೆ ಸುತ್ತಿಕೊಂಡ ನೂಲೂ ಜೊತೆಗೆ ಹೋಯಿತು.

ಅಕ್ಕ ಸಿಟ್ಟಾಗಲಿಲ್ಲ. ತುಂಡಾದ ಎಳೆಗಳನ್ನು ಒಂದೊಂದಾಗಿ ಗಂಟು ಹಾಕುತ್ತಾ ನನಗೆ ಹೇಳಿದರು: “ತಂಬಿ, ಯಾಕೆ ಬಿಟ್ಟರು ಅಂತ ಈಗ ತಿಳೀತು ಅಂತ ಹೇಳು.”

ಸಾರ್ ನನ್ನ ಮುಖ ನೋಡಿದರು. ಅವರ ಕಣ್ಣು ತುಂಬಿತ್ತು. ಕೈ ಚೆನ್ನಾಗಿ ಕೂತಿದೆ ಅಂತಾರೆ ಸಾರ್ ಅಂದೆ.

ಅವರು ಅಕ್ಕನಿಗೆ ಕೈಮುಗಿದು ಮತ್ತೆ ಲಾಳಿ ಹಿಡಿದರು.